ಕೈಚೀಲದ ಲೆಕ್ಕ

ಪ್ಲಾಸ್ಟಿಕ್ ಕಸದ ಹಾವಳಿಯನ್ನು ಅರಿಯದವರು ಇಂದು ವಿರಳ. ೨೦೧೫ನೆಯ ಇಸವಿಯವರೆಗೆ ಪ್ರಪಂಚದಲ್ಲಿ ಸುಮಾರು ೬೩೦ ಕೋಟಿ ಟನ್ ಪ್ಲಾಸ್ಟಿಕ್ ಕಸವಾಗಿ ಪರಿಣಮಿಸಿತ್ತೆಂದೂ, ಅದರಲ್ಲಿ ಮರುಬಳಕೆಗೆ ಬಂದುದು ನೂರಕ್ಕೆ ಸುಮಾರು ೯ ಪಾಲು ಮಾತ್ರವೆಂದೂ ೨೦೧೭ರಲ್ಲಿ ಪ್ರಕಟವಾದ ಗಣನೆಯೊಂದರಿಂದ ತಿಳಿದುಬಂದಿದೆ. ನಮ್ಮ ರಾಜ್ಯದಲ್ಲಿ ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದಿತು. ಅವುಗಳಿಗೆ ಬದಲಾಗಿ ಕಾಗದದ ಹಾಗೂ ಬಟ್ಟೆಯ ಚೀಲಗಳನ್ನು ಬಳಸಬೇಕೆಂಬ ಉಪದೇಶ ಎಲ್ಲೆಡೆಯೂ ಕೇಳಿಬರುತ್ತದೆ. ಆದರೆ ಪ್ಲಾಸ್ಟಿಕನ್ನು ಬಿಟ್ಟ ಮಾತ್ರಕ್ಕೆ ಪರಿಸರಕ್ಕೆ ಹಿತವಾಯಿತೆಂದು ಹೇಳಬಹುದೆ? ಇದನ್ನು ಅಳೆದು ನೋಡುವ ಬಗೆಯನ್ನು ಇಲ್ಲಿ ಪರಿಶೀಲಿಸೋಣ.

ಇಂಥ ಅಳತೆಗೆ ಮೂರು ನಿಯಮಗಳುಂಟು. ಮೊದಲನೆಯದಾಗಿ, ಒಂದು ಚೀಲವನ್ನು ಇನ್ನೊಂದರೊಡನೆ ಹೋಲಿಸಿದರೆ ಸಾಲದು. ಒಂದು ತಿಂಗಳ ಸಾಮಾನನ್ನು ಅಂಗಡಿಯಿಂದ ಮನೆಗೆ ತರುವಂಥ ಗೊತ್ತಾದ ಕೆಲಸವೊಂದನ್ನು ಆಯ್ದುಕೊಂಡು, ಅದಕ್ಕೆ ಆಯಾ ಬಗೆಯ ಚೀಲಗಳು ಎಷ್ಟೆಷ್ಟು ಬೇಕೆಂದು ನೋಡಬೇಕು. ಎರಡನೆಯದಾಗಿ, ಕಚ್ಚಾ ಸಾಮಗ್ರಿ, ತಯಾರಿಕೆ, ಸಾಗಣೆ, ಬಳಕೆ, ವಿಲೇವಾರಿ ಎಂಬ ಎಲ್ಲ ಹಂತಗಳೂ ಲೆಕ್ಕಕ್ಕೆ ಬರಬೇಕು. ಇದಕ್ಕೆ ಜೀವನಚಕ್ರ ವಿಶ್ಲೇಷಣೆ ಎಂದು ಹೆಸರು. ಮೂರನೆಯದಾಗಿ, ಹಾನಿಗಳು ಹಲವು ಬಗೆಯವು. ಭೂಮಿ ಕಾವೇರುವುದು, ನೀರು ವ್ಯಯವಾಗುವುದು, ಬೀದಿಯಲ್ಲಿ ಕಸ ಬೀಳುವುದು ಇವನ್ನೆಲ್ಲ ಪ್ರತ್ಯೇಕವಾಗಿಯೇ ಎಣಿಸಬೇಕು. ಉಷ್ಣತೆಯನ್ನು ಗಜದಲ್ಲಿ ಅಳೆಯಲಾದೀತೆ?

ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆಯು ೨೦೧೧ರಲ್ಲಿ ಪ್ರಕಟಿಸಿದ ವರದಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಪರೀಕ್ಷೆಗೊಳಪಟ್ಟ ತೆಳು ಪ್ಲಾಸ್ಟಿಕ್ ಚೀಲದ ತೂಕ ಸುಮಾರು ೮ ಗ್ರಾಂ. ಹತ್ತಿಯ ಚೀಲದ್ದು ಸುಮಾರು ೧೮೩ ಗ್ರಾಂ. ಹತ್ತಿಯನ್ನು ಬೆಳೆಯಲು ನೀರು, ಗೊಬ್ಬರಗಳು ಬೇಕು. ನೂಲುವುದಕ್ಕೂ ನೇಯುವುದಕ್ಕೂ ವಿದ್ಯುಚ್ಛಕ್ತಿ ಬೇಕು. ಹೀಗಾಗಿ ಹತ್ತಿಯ ಚೀಲವನ್ನು ತಯಾರಿಸುವಾಗಲೇ ಭೂಮಿಯನ್ನು ಕಾಯಿಸುವ ಅನಿಲಗಳು ಹೆಚ್ಚಾಗಿ ಹೊರಬೀಳುತ್ತವೆ. ಈ ಭಾರವನ್ನು ಎಷ್ಟು ಬಾರಿಯ ಬಳಕೆಗೆ ಹಂಚಿದರೆ, ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕೆ ಅದು ಸಮನಾದೀತು? ವರದಿಯ ಉತ್ತರ: ಕಾಗದದ ಚೀಲಕ್ಕೆ ೩ ಬಾರಿ, ಹತ್ತಿಯ ಚೀಲಕ್ಕೆ ೧೩೧ ಬಾರಿ. ಪ್ಲಾಸ್ಟಿಕ್ ಚೀಲಗಳೆಲ್ಲವನ್ನೂ ಕಸದ ಬುಟ್ಟಿಯ ಒಳಹೊದಿಕೆಯಾಗಿ ಮತ್ತೊಮ್ಮೆ ಬಳಸಿದ ಪಕ್ಷದಲ್ಲಿ ಹತ್ತಿಯ ಚೀಲದ ಸಂಖ್ಯೆ ೩೨೭ಕ್ಕೆ ಏರುತ್ತದೆ.

ಈ ಎರಡನೆಯ ಬಳಕೆ ಅಲಕ್ಷಿಸತಕ್ಕದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯದ ಊರುಗಳಲ್ಲಿ ಕೈಚೀಲಗಳನ್ನು ನಿಷೇಧಿಸಿದುದರಿಂದ ಸುಮಾರು ೪ ಕೋಟಿ ಪೌಂಡು ಪ್ಲಾಸ್ಟಿಕ್ ಉಳಿಯಿತು. ಆದರೆ ಜನರು ಕಸ ತುಂಬುವ ಚೀಲಗಳನ್ನು ಹೆಚ್ಚಾಗಿ ಕೊಳ್ಳತೊಡಗಿದ್ದರಿಂದ ಸುಮಾರು ೧.೨ ಕೋಟಿ ಪೌಂಡು ಮರಳಿ ಬಂದಿತೆಂದು ೨೦೧೯ರ ಅಧ್ಯಯನವೊಂದು ತೋರಿಸಿತು. ಲಾಭ ಉಳಿಯಿತು ನಿಜ, ಆದರೆ ಎಣಿಸಿದಷ್ಟಲ್ಲ.

ಹಾಗಾದರೆ ಪ್ಲಾಸ್ಟಿಕ್ ಚೀಲವೇ ಲೇಸೆಂದು ತೀರ್ಮಾನಿಸಬಹುದೆ? ಸಲ್ಲದು. ಮೇಲಿನ ವರದಿಯಲ್ಲಿ ಬೀದಿಗೆ ಎಸೆದ ಕಸದ ಹಾನಿಯನ್ನು ಎಣಿಸಿಲ್ಲ. ಪಾಲಿಎಥಿಲೀನ್ ನೀರಿಗಿಂತ ಹಗುರವಾದುದು. ಗಾಳಿಗೆ ಹಾರಿ, ಮಳೆನೀರಿನಲ್ಲಿ ತೇಲಿ ಚರಂಡಿಗಳನ್ನು ಕಟ್ಟಿಬಿಡುತ್ತದೆ; ಬಿಸಿಲಿಗೆ ಸೀಳಿ ಚೂರಾದರೂ ಮಣ್ಣಿನಲ್ಲಿ ಬೇಗ ಕರಗದು. ೧೯೮೮ ಮತ್ತು ೧೯೯೮ರ ನೆರೆಗಳಲ್ಲಿ ಚರಂಡಿಗಳು ಇಂಥ ಚೀಲಗಳಿಂದ ಕಟ್ಟಿಕೊಂಡು ಕಷ್ಟ ಹೆಚ್ಚಿದ ಅನುಭವವೇ ಬಾಂಗ್ಲಾದೇಶವು ೨೦೦೨ರಲ್ಲಿ ಅವನ್ನು ನಿಷೇಧಿಸಲು ಮುಖ್ಯ ಕಾರಣ. ಕಸವನ್ನು ಸಮರ್ಪಕವಾಗಿ ಕೂಡಿಹಾಕುವ ನಾಡಿನ ಲೆಕ್ಕ, ಅದು ಬೀದಿಯಲ್ಲೇ ಉಳಿಯುವ ನಾಡಿಗೆ ಹಾಗೆಯೇ ಹೊಂದುವುದಿಲ್ಲ.

ಇನ್ನು ನಮ್ಮ ಮನೆಗಳ ಲೆಕ್ಕ. ೧೩೧ ಎಂಬ ಸಂಖ್ಯೆ ಅಲ್ಲಿನ ಚೀಲಗಳಿಗೆ ಸಂಬಂಧಿಸಿದ್ದಾದರೂ ಅಂದಾಜಿಗೆ ಅದನ್ನೇ ಇಟ್ಟುಕೊಳ್ಳೋಣ. ವಾರಕ್ಕೆ ಎರಡು ಬಾರಿ ಸಂತೆಗೆ ಹೋಗುವವರು ಒಂದೇ ಚೀಲವನ್ನು ಬಳಸಿದರೆ ಸುಮಾರು ಹದಿನೈದು ತಿಂಗಳಲ್ಲಿ ಅದರ ಋಣ ತೀರುತ್ತದೆ, ಮುಂದಿನದೆಲ್ಲ ಲಾಭ. ಅಂಥ ಹತ್ತು ಚೀಲಗಳನ್ನು ಸರದಿಯಂತೆ ಬಳಸಿದರೆ ಹನ್ನೆರಡೂವರೆ ವರ್ಷಗಳಾಗುತ್ತವೆ! ಮದುವೆಗಳಲ್ಲಿ ತಾಂಬೂಲಕ್ಕೆಂದು ಕೊಟ್ಟ ಹೊಸ ಬಟ್ಟೆಯ ಚೀಲಗಳು ಕಪಾಟಿನಲ್ಲಿ ಮಡಿಸಿದಂತೆಯೇ ಬಿದ್ದಿದ್ದರೆ ಅವುಗಳ ಋಣ ಎಂದಿಗೂ ತೀರುವಂತಿಲ್ಲ. ಇದಕ್ಕೆ ಬದಲು ಹಳೆಯ ಸೀರೆಯಿಂದಲೋ ದರ್ಜಿಯ ಅಂಗಡಿಯ ಉಳಿಕೆ ಬಟ್ಟೆಯಿಂದಲೋ ಹೊಲಿದ ಚೀಲದ ಋಣ ಅತ್ಯಲ್ಪ; ಏಕೆಂದರೆ ಹತ್ತಿ ಬೆಳೆದ ಭಾರ ಮೊದಲಿನ ಉಡುಪಿನ ಲೆಕ್ಕಕ್ಕೆ ಆಗಲೇ ಸಂದಿದೆ.

ಆದುದರಿಂದ ಪ್ಲಾಸ್ಟಿಕ್ ಕಸವನ್ನು ತಗ್ಗಿಸುವ ಯಾವುದೇ ಉಪಾಯವನ್ನು ಕಂಡಾಗ ವಾಚಕರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಬದಲಿ ವಸ್ತುವನ್ನು ಏನು ವ್ಯಯಮಾಡಿ ತಯಾರಿಸಿದರು? ಅದನ್ನು ಎಷ್ಟು ಬಾರಿ ಬಳಸುವೆವು? ಕೊನೆಗೆ ಅದು ಎಲ್ಲಿ ಸೇರುವುದು? ಮೊದಲನೆಯದರ ಉತ್ತರ ಕಾರ್ಖಾನೆಯಲ್ಲಿದೆ, ಮೂರನೆಯದರದು ಬಹುಮಟ್ಟಿಗೆ ಪುರಸಭೆಯಲ್ಲಿದೆ. ಎರಡನೆಯದು ಮಾತ್ರ ಪೂರ್ಣವಾಗಿ ನಮ್ಮ ಕೈಯಲ್ಲಿಯೇ ಇದೆ.