ರೊಟ್ಟಿ ಬಡಿಯುವಾಗ ತಪ್ಪದ ಲಕ್ಷ್ಯ

ಪ್ರಶ್ನೆ: ಅಕ್ಕಾವ್ರೇ, ನನಗ ಮೂವತ್ನಾಲ್ಕು ವರ್ಷ. ಶಹಾಪುರದಾಗ ಇರ್ತೀವಿ. ಮನ್ಯಾಗ ಅತ್ತಿ, ಇಬ್ಬರು ಮಕ್ಕಳು ಅದಾರ. ಮನೆಯವರು ಕೆಲಸಕ್ಕ ದಿನಾ ಯಾದಗಿರಿಗೆ ಹೋಗಿ ಬರ್ತಾರ. ನಾ ಮನ್ಯಾಗೇ ಕುಬಸ ಹೊಲೀತೀನಿ. ನನ್ನ ತ್ರಾಸ ಏನಂದ್ರ, ಹಿಡಿದ ಕೆಲಸ ಒಂದೂ ಮುಗಿಯಂಗಿಲ್ಲ. ಭಾಂಡೆ ತಿಕ್ಕಲಿಕ್ಕೆ ಕುಂತರ ಅರಿವಿ ಒಣ ಹಾಕೂದು ನೆನಪಾಗ್ತದ. ಮಾಳಿಗಿ ಮ್ಯಾಲ ಹೋದ್ರ ಅಲ್ಲಿ ಮೆಣಸಿನಕಾಯಿ ತಿರುವಿ ಹಾಕ್ಕೋತ ನಿಲ್ತೀನಿ. ಕೆಳಗಿಳಿದು ಖೋಲಿಗೆ ಬಂದ್ರ ಯಾಕ ಬಂದೆ ಅನ್ನೂದೇ ಮರೀತೀನಿ. ಅಷ್ಟ್ರಾಗ ನಳ ಬರ್ತಾವ, ಫೋನ್ ಬರ್ತದ. ಸಂಜೀಕ ನೋಡಿದ್ರ ಭಾಂಡೆ ಅರ್ಧ, ಅರಿವಿ ಅರ್ಧ. ಹೋದ ತಿಂಗಳು ಸುರಪುರದವರೊಬ್ಬರ ಮದುವಿ ಕುಬಸ ಹೊತ್ತಿಗೆ ಕೊಡಲಿಕ್ಕಾಗಲಿಲ್ಲ, ಬಾಯಿಗೆ ಬಂದಂಗ ಅಂದು ಹೋದ್ರು. "ಮನ್ಯಾಗೇ ಇದ್ದು ದಿನಾ ಏನ್ ಮಾಡ್ತಿ?" ಅಂತಾರ ಮನೆಯವರು. ಫೋನಿನಾಗ ಎಡಿಎಚ್‌ಡಿ ಅಂತ ಒಂದು ವಿಡಿಯೊ ನೋಡಿದೆ, ಎಲ್ಲಾ ನನ್ನಂಗೇ ಅನ್ನಿಸ್ತು. ಸಾಲ್ಯಾಗ ನಾನೇ ಎಲ್ಲರಕಿಂತ ಮುಂದ ಇದ್ದೆ. ಈಗ ತಲಿ ಕೆಟ್ಟದ ಏನು?
ಹೆಸರು ಬೇಡ, ಶಹಾಪುರ

ಉತ್ತರ: ತಂಗಿ, ಇಷ್ಟೆಲ್ಲ ಕೆಲಸ ಬರೆದ ನೀವು ಒಂದನ್ನು ಮಾತ್ರ ಹೇಳಿಲ್ಲ. ರೊಟ್ಟಿ. ನಿಮ್ಮ ಕಡೆ ಜೋಳದ ರೊಟ್ಟಿ ಇಲ್ಲದೆ ಊಟವೇ ಇಲ್ಲ. ಅಂದರೆ ದಿನಾ ಬಡಿಯುತ್ತೀರಿ, ಅದು ಅರ್ಧಕ್ಕೆ ನಿಂತಿತೆಂಬ ದೂರು ಮಾತ್ರ ನಿಮ್ಮ ಪತ್ರದಲ್ಲಿಲ್ಲ. ನಾನು ಮೊದಲು ಹಿಡಿದದ್ದು ಅದನ್ನೇ.

ರೊಟ್ಟಿ ಯಾಕೆ ನಿಲ್ಲುವುದಿಲ್ಲ ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಬಿಸಿ ಎಸರು ಹಾಕಿ ನಾದಿದ ಹಿಟ್ಟನ್ನು ಬಿಟ್ಟೆದ್ದರೆ ಒಣಗುತ್ತದೆ, ಆಮೇಲೆ ಬಡಿದರೆ ಅಂಚು ಸೀಳುತ್ತದೆ. ಹಂಚಿನ ಮೇಲಿರುವುದಕ್ಕೆ ನೀರು ಸವರಿ ತಿರುವಿ ಹಾಕುವ ಹೊತ್ತು ತಪ್ಪುವಂತಿಲ್ಲ. ಹಿಟ್ಟು, ನೀರು, ಬಟ್ಟೆ, ಹಂಚು ಎಲ್ಲವೂ ಕೈಗೆಟಕುವಷ್ಟರಲ್ಲೇ ಇವೆ. ಕೈ ಹಿಟ್ಟಾಗಿರುವುದರಿಂದ ಫೋನ್ ಮುಟ್ಟಲಾಗದು. ಎಷ್ಟಾಯಿತು, ಎಷ್ಟು ಉಳಿಯಿತು ಎಂಬುದು ಬುಟ್ಟಿ ನೋಡಿದರೆ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, "ಅವ್ವ ರೊಟ್ಟಿ ಮಾಡ್ಲಿಕತ್ಯಾಳ" ಎಂದರೆ ಮನೆಯಲ್ಲಿ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ಭಾಂಡೆ ತಿಕ್ಕುವಾಗ, ಹೊಲಿಗೆ ಮಷಿನ್ ಮುಂದೆ ಕುಳಿತಾಗ ಈ ಮರ್ಯಾದೆ ನಿಮಗೆ ಸಿಗುತ್ತದೆಯೇ? ಆಗ ನೀವು ಬಿಡುವಾಗಿದ್ದೀರಿ ಎಂದೇ ಎಲ್ಲರ ಲೆಕ್ಕ. ನಿಮ್ಮ ಲೆಕ್ಕವೂ ಅದೇ ಆಗಿಬಿಟ್ಟಿದೆ.

ಖೋಲಿಗೆ ಹೋಗಿ ಮರೆಯುವುದಕ್ಕೆ ಹೆದರಬೇಡಿ. ಗೇಬ್ರಿಯಲ್ ರಾಡ್ವಾನ್ಸ್ಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಕೋಣೆಯೊಳಗೆ ನಡೆದವರಿಗಿಂತ ಅಷ್ಟೇ ದೂರ ನಡೆದು ಬಾಗಿಲು ದಾಟಿದವರು ಹೆಚ್ಚು ಮರೆತರು. ಅವರು ಆರೋಗ್ಯವಂತ ಕಾಲೇಜು ಹುಡುಗ ಹುಡುಗಿಯರು. ಅರ್ಧಕ್ಕೆ ಬಿಟ್ಟ ಕೆಲಸದ ಬಗ್ಗೆ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಬರೆದದ್ದೂ ನಿಮಗೆ ಸಂಬಂಧಿಸಿದ್ದೇ: ಮುಗಿಸದೆ ಎದ್ದರೆ ಮನಸ್ಸಿನ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತದೆ, ಹೊಸದಕ್ಕೆ ಅಷ್ಟು ಕಡಿಮೆ ಸಿಗುತ್ತದೆ. ನಳ, ಫೋನ್, ಮೆಣಸಿನಕಾಯಿ, ಅತ್ತೆಯ ಕರೆ ಎಲ್ಲ ಸೇರುವ ಹೊತ್ತಿಗೆ ಕುಬಸಕ್ಕೆ ಉಳಿಯುವ ಲಕ್ಷ್ಯವೆಷ್ಟು?

ಹಾಗಾಗಿ ಬೇರೆ ಕೆಲಸಗಳಿಗೂ ರೊಟ್ಟಿಯ ಕಟ್ಟುಪಾಡು ತನ್ನಿ. ಭಾಂಡೆಗೆ ಕೂತಾಗ ಅರಿವಿ ನೆನಪಾಯಿತೇ? ಏಳಬೇಡಿ. ಗೋಡೆಗೆ ಮಕ್ಕಳ ಹಳೆಯ ಪಾಟಿಯೊಂದನ್ನು ತೂಗುಹಾಕಿ, ಒದ್ದೆ ಕೈಯಲ್ಲೇ ಆದರೂ ಒಂದೇ ಶಬ್ದ ಗೀಚಿ, ಕೂತಲ್ಲೇ ಮುಂದುವರಿಸಿ. ನೆನಪಾದದ್ದು ಮತ್ತೆ ಮರೆತುಹೋದೀತೆಂಬ ಭಯವೇ ನಿಮ್ಮನ್ನು ಎಬ್ಬಿಸುತ್ತಿರುವುದು. ಬರೆದಿಟ್ಟರೆ ಆ ಭಯ ಇರುವುದಿಲ್ಲ. ಕಸ ಹೊಡೆಯುವಾಗ ಬೇರೆ ಖೋಲಿಯ ಸಾಮಾನು ಸಿಕ್ಕರೆ ಅದರ ಜೊತೆ ನೀವೂ ಆ ಖೋಲಿಗೆ ಹೋಗಬೇಡಿ. ಬಾಗಿಲ ಬಳಿ ಒಂದು ಬುಟ್ಟಿಯಿಟ್ಟು ಅದಕ್ಕೆ ಹಾಕಿ, ಕಸ ಮುಗಿದ ಮೇಲೆ ಎಲ್ಲವನ್ನೂ ಒಂದೇ ಸಲ ಹಂಚಿ.

ನಿಮ್ಮ ಪಾಲಿನದನ್ನೂ ಹೇಳಬೇಕು. ಕರೆ ಬಂತೆಂದು ಕೈಗೆತ್ತಿಕೊಂಡ ಫೋನ್ ಕರೆ ಮುಗಿದ ಮೇಲೂ ಕೈಯಲ್ಲೇ ಉಳಿಯುತ್ತದೆ. ಆ ವಿಡಿಯೊ ಕಂಡದ್ದೂ ಹಾಗೆಯೇ ಇರಬೇಕು. ಹೊಲಿಗೆಗೆ ಬರುವವರ ಕರೆ ಬೇಕೇ ಬೇಕು, ಆದ್ದರಿಂದ ಬಂದ್ ಮಾಡಿ ಎನ್ನುವುದಿಲ್ಲ. ಮಷಿನ್ ಇರುವ ಖೋಲಿಯಲ್ಲಿ ಬೇಡ, ಪಡಸಾಲೆಯ ಗೂಡಿನಲ್ಲಿಡಿ. ಗಂಟೆ ಕೇಳಿದರೆ ಎದ್ದು ಹೋಗಿ ನಿಂತೇ ಮಾತಾಡಿ, ಅಲ್ಲೇ ಇಟ್ಟು ಬನ್ನಿ. ಕುಬಸವನ್ನು ಕತ್ತರಿಸಿ ಇಡುವುದು, ತೋಳು ಕೂಡಿಸುವುದು, ಹುಕ್ಕು ಹಚ್ಚುವುದು ಎಂದು ತುಂಡು ಮಾಡಿಕೊಳ್ಳಿ. ಏಳಲೇಬೇಕಾದರೆ ಒಂದು ತುಂಡು ಮುಗಿಸಿ ಏಳಿ.

ಇನ್ನು ನಿಮ್ಮ ಮನೆಯವರ ಮಾತು. ಅದನ್ನು ಓದಿ ನನಗೆ ಸಿಟ್ಟೇ ಬಂತು. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಅಂಥವರು ಆಗ ನೂರಕ್ಕೆ ಸುಮಾರು 26 ಮಂದಿ ಮಾತ್ರ ಇದ್ದರು. "ಏನ್ ಮಾಡ್ತಿ?" ಎಂದು ಅವರು ಮತ್ತೆ ಕೇಳಿದಾಗ ಜಗಳಕ್ಕೆ ಹೋಗಬೇಡಿ. ಒಂದು ರಜೆಯ ದಿನ ಪೂರ್ತಿ ಮನೆಯನ್ನು ಅವರ ಕೈಗೆ ಕೊಟ್ಟು, ನೀವು ಬಾಗಿಲು ಮುಂದೆ ಮಾಡಿಕೊಂಡು ಹೊಲಿಯಲು ಕುಳಿತುಬಿಡಿ. ನಳ ಬಂದರೆ ತುಂಬಲಿ, ಮಕ್ಕಳು ಕರೆದರೆ ಓಗೊಡಲಿ.

ಉಳಿದ ದಿನಗಳಿಗೆ ಮನೆಯವರೆಲ್ಲರ ಮುಂದೆ ಒಂದೇ ಬೇಡಿಕೆ ಇಡಿ: ಮಧ್ಯಾಹ್ನದ ಊಟವಾದ ಮೇಲೆ ಎರಡು ತಾಸು, ರೊಟ್ಟಿಯ ಹೊತ್ತಿನಂತೆಯೇ, ನಿಮ್ಮನ್ನು ಯಾರೂ ಕರೆಯಬಾರದು. ಅತ್ತೆಯವರಿಗೆ ನೀವೇ ಹೋಗಿ ಹೇಳಿ. ಅವರೂ ಆ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತವರು, ಮಗನಿಗಿಂತ ಬೇಗ ತಿಳಿದುಕೊಂಡಾರು. ಮಕ್ಕಳಲ್ಲಿ ದೊಡ್ಡವರು ಮನೆಯಲ್ಲಿರುವಾಗ ನಳ ಬಂದರೆ ಕೊಡ ಹಚ್ಚುವುದು ಅವರ ಪಾಳಿ. ಹುಡುಗನಾದರೂ ಅಷ್ಟೆ.

ಎಡಿಎಚ್‌ಡಿ ಎಂಬ ಲಕ್ಷ್ಯದ ಕೊರತೆ ನಿಜವಾದ ತೊಂದರೆ, ದೊಡ್ಡವರಲ್ಲೂ ಇರುತ್ತದೆ. ಆದರೆ ಅದರ ಗುರುತು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕೆಂದು ವೈದ್ಯರು ನೋಡುತ್ತಾರೆ. ಶಾಲೆಯಲ್ಲಿ ಮುಂದಿದ್ದೆ ಎನ್ನುತ್ತೀರಿ. ಅಷ್ಟರಿಂದಲೇ ಇಲ್ಲವೆಂದು ಹೇಳಲಾಗದು, ಒಂದು ವಿಡಿಯೊದಿಂದ ಇದೆಯೆಂದೂ ಹೇಳಲಾಗದು. ಅದರ ತಪಾಸಣೆಗಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆಯಿದ್ದರೆ, ಥೈರಾಯ್ಡ್ ಏರುಪೇರಾದರೆ, ನಿದ್ದೆ ಸಾಲದಿದ್ದರೆ ಲಕ್ಷ್ಯ ನಿಲ್ಲುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಶಹಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಕೇಳಿ. ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂಬುದೂ ಸೇರಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದೆ ಮನೋವೈದ್ಯರನ್ನು ಕಾಣಲು ಯಾದಗಿರಿಗೆ ಹೋಗಬೇಕಾದರೆ ಮನೆಯವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆಂದು ವೈದ್ಯರು ಕೇಳಿಯಾರು. ಆ ಪ್ರಶ್ನೆಗೆ ಅವರೇ ಉತ್ತರ ಕೊಡಲಿ.