ತುಪ್ಪಟ ಸಹಿತವಾದ ಕುರಿದೊಗಲನ್ನು ಮನೆಯ ಹಾಸಾಗಿಸುವ ಕ್ರಮ

ಬ್ರಿಟಿಷ್ ದ್ವೀಪಗಳ ದೇಶೀಯ ಕುರಿಗಳಲ್ಲಿ ಕೆಲವು ಅಳಿವಿನಂಚಿನಿಂದ ಮರಳಿವೆ, ಕೆಲವು ಇಂದಿಗೂ ವಿರಳವಾಗಿಯೇ ಇವೆ. ಕಪ್ಪುಬಿಳುಪು ಮಚ್ಚೆಗಳ ಜೇಕಬ್, ಕಡುಗಪ್ಪಾದ ಹೆಬ್ರಿಡಿಯನ್, ಕಂದುಬಣ್ಣದ ಮ್ಯಾಂಕ್ಸ್ ಲಾಖ್ಟನ್, ಆರ್ಕ್ನಿಯ ದ್ವೀಪವೊಂದರಲ್ಲಿ 1832ರಲ್ಲಿ ಕಟ್ಟಿದ ಕಲ್ಲುಗೋಡೆಯ ಹೊರಗೆ ಕಡಲಕಳೆಯನ್ನು ಮೇಯ್ದು ಬದುಕುವ ನಾರ್ತ್ ರೊನಾಲ್ಡ್ಸೆ, ಇಂತಹ ತಳಿಗಳ ರಕ್ಷಣೆಗೆಂದೇ 1973ರಲ್ಲಿ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಸ್ಥಾಪಿತವಾಯಿತು. ವಿರಳವಾದ ಕುರಿಯ ತೊಗಲನ್ನು ಹಾಸಿಕೊಳ್ಳುವುದು ಆ ತಳಿಗೆ ಬಗೆದ ದ್ರೋಹವಲ್ಲವೇ ಎಂದು ಯಾರಾದರೂ ಕೇಳಬಹುದು. ಮಂದೆಯ ಸಂತಾನಕ್ಕೆ ಬೇಕಾಗುವ ಟಗರುಗಳು ಕೆಲವೇ. ಮಿಕ್ಕ ಗಂಡುಮರಿಗಳು ಹೇಗೂ ಮಾಂಸಕ್ಕೆ ಹೋಗತಕ್ಕವು. ಅವುಗಳ ತೊಗಲಿಗೂ ಬೆಲೆ ದೊರೆತಲ್ಲಿ ಕುರಿಗಾರನು ಹೆಚ್ಚು ಲಾಭದ ಬೇರೆ ತಳಿಗೆ ಮನಸೋಲದೆ ಹಳೆಯದನ್ನೇ ಸಾಕಿಯಾನು.

ತೊಗಲನ್ನು ಪರವಾನಗಿಯುಳ್ಳ ಕಸಾಯಿಖಾನೆಯ ಮೂಲಕವೇ, ಸ್ಥಳೀಯ ಅಧಿಕಾರಿಗಳಲ್ಲಿ ನಿಯಮಗಳನ್ನು ವಿಚಾರಿಸಿಕೊಂಡು ಪಡೆಯತಕ್ಕದ್ದು. ಮೈಬಿಸಿ ಆರಿದೊಡನೆ, ಕೆಲವೇ ಗಂಟೆಗಳೊಳಗೆ, ಒಳಮೈಯನ್ನು ಮೇಲ್ಮಾಡಿ ಇಳಿಜಾರಾದ ಹಲಗೆಯ ಮೇಲೆ ಹರಡಿ, ತೊಗಲಿನ ತೂಕದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಪುಡಿಯುಪ್ಪನ್ನು ಅಂಚಂಚಿಗೂ ತಿಕ್ಕಬೇಕು. ಇಲ್ಲಿ ತಡಮಾಡಿದರೆ ಕೊಳೆ ಹತ್ತಿ ಉಣ್ಣೆ ಬುಡಸಹಿತ ಉದುರುವುದು. ಅನಂತರದ ಯಾವ ಕೌಶಲವೂ ಅದನ್ನು ಸರಿಪಡಿಸಲಾರದು. ಎರಡು ವಾರಗಳಲ್ಲಿ ನೀರೆಲ್ಲ ಬಸಿದ ಮೇಲೆ ತಣ್ಣೀರಿನಲ್ಲಿ ನೆನೆಯಿಸಿ, ಮೊಂಡಾದ ಕತ್ತಿಯಿಂದ ಕೊಬ್ಬನ್ನೂ ಪೊರೆಯನ್ನೂ ಹೆರೆದು, ಉಣ್ಣೆಯನ್ನು ಮೃದುವಾದ ಸಾಬೂನಿನಿಂದ ತೊಳೆಯಿರಿ. ಬಿಸಿನೀರು ಸಲ್ಲದು: ತೊಗಲು ಮುದುಡುವುದು, ಉಣ್ಣೆ ಗಂಟುಕಟ್ಟುವುದು.

ಹದಗಾರಿಕೆಯ ಜೀವಾಳವೆಲ್ಲ ತೊಗಟೆಯ ಒಗರಿನಲ್ಲಿದೆ. ಇಂಗ್ಲೆಂಡಿನಲ್ಲಿ ಹಿಂದಿನಿಂದ ಬಂದದ್ದು ಓಕ್ ತೊಗಟೆ. ದಕ್ಷಿಣ ಭಾರತದ ಹದಗಾರರದು ತಂಗಡಿಯ ತೊಗಟೆ. ಇಂದು ಮನೆಯಲ್ಲಿ ಮಾಡುವವರಿಗೆ ಸುಲಭವಾಗಿ ದೊರೆಯುವುದು ಮಿಮೋಸ ಎಂಬ ಹೆಸರಿನ ಪುಡಿ, ಎಂದರೆ ನಮ್ಮ ನೀಲಗಿರಿಯಲ್ಲಿಯೂ ಬೆಳೆಯುವ ವಾಟಲ್ ಮರದ ತೊಗಟೆಯ ಸಾರ. ಮೊದಲು ತೆಳುವಾದ ದ್ರಾವಣ, ದಿನಗಳೆದಂತೆ ಗಾಢವಾದದ್ದು, ಇದೇ ಕ್ರಮ. ಆರಂಭದಲ್ಲಿಯೇ ಗಾಢವಾದರೆ ಮೇಲ್ಪದರ ಬಿಗಿದು ಒಗರು ಒಳಹೊಗದು. ಬಿಳಿಯ ಉಣ್ಣೆ ಈ ರಸದಲ್ಲಿ ಕಂದುವುದರಿಂದ ಜೇಕಬ್ ತೊಗಲಿಗೆ ಒಳಮೈಗೆ ಮಾತ್ರ ಲೇಪಿಸುವುದು ಲೇಸು. ಹೆಬ್ರಿಡಿಯನ್ ತೊಗಲನ್ನು ನಿರ್ಭಯವಾಗಿ ಮುಳುಗಿಸಬಹುದು. ಅಂಚನ್ನು ಕೊಯ್ದು ನೋಡಿದಾಗ ನಡುವೆ ಬಿಳಿಯ ಗೆರೆ ಕಾಣದಿದ್ದರೆ ಹದ ಕೂಡಿತೆಂದು ತಿಳಿಯಿರಿ.

ತರುವಾಯ ತೊಳೆದು, ಒಳಮೈಗೆ ಎಣ್ಣೆ ಸವರಿ, ಚೌಕಟ್ಟಿಗೆ ಬಿಗಿದು ನೆರಳಿನಲ್ಲಿ ಒಣಗಿಸಬೇಕು. ಪೂರ್ತಿ ಒಣಗುವ ಮುನ್ನ, ಇನ್ನೂ ತುಸು ಹಸಿಯಿರುವಾಗಲೇ, ಎಳೆದೆಳೆದು, ಹಲಗೆಯ ಅಂಚಿಗೆ ಉಜ್ಜಿ ಮೆದುವಾಗಿಸಬೇಕು. ತೋಳು ಸೋಲುವ ಕೆಲಸವಿದು. ಆದರೆ ಇದನ್ನು ಬಿಟ್ಟವರಿಗೆ ದೊರೆಯುವುದು ಹಾಸಲ್ಲ, ಹಲಗೆ. ಕಡೆಯಲ್ಲಿ ಉಣ್ಣೆಯನ್ನು ಬಾಚಿದರಾಯಿತು.

ಬಣ್ಣ ಹಾಕಿಸುವುದು ನನಗೆ ಸಮ್ಮತವಲ್ಲ. ಲಾಖ್ಟನ್ನಿನ ಕಂದಿಗೆ ಯಾವ ರಂಗೂ ಸಮವಲ್ಲ. ಹಾಸನ್ನು ಬಿಸಿಲಿಗೂ ಬೆಂಕಿಗೂ ಹತ್ತಿರವಿಡದೆ, ಆಗಾಗ ಕೊಡವಿ ಗಾಳಿಗೆ ಹರಡಿರಿ. ಮೂಲೆಯಲ್ಲಿ ಮಡಿಸಿಟ್ಟಲ್ಲಿ ಉಣ್ಣೆ ತಿನ್ನುವ ಹುಳು ಹತ್ತುವುದು. ಸ್ವತಃ ಮಾಡಲಾರದೆ ಕೊಳ್ಳಬಯಸುವ, ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ತಳಿಯ ಹೆಸರನ್ನೂ ಹದಮಾಡಿದ ವಿಧಾನವನ್ನೂ ಕೇಳಿಯೇ ಕೊಳ್ಳಲಿ. ಎರಡನ್ನೂ ಹೇಳಲಾರದ ಅಂಗಡಿಯವನಿಗೆ ಹಣ ಕೊಡಬೇಡಿರಿ.