ಸತ್ತ ಮೀನಿಗೂ ಅಪ್ಪ ಅಮ್ಮ ಇರುತ್ತಾರೆ

ತಂಗೀ, ವೀಸಾ ಬಂತೆಂದು ನಿನ್ನ ಅಮ್ಮ ನಿನ್ನೆ ಫೋನು ಮಾಡಿದ್ದಳು. ಎಡಿನ್‌ಬರೋದ ಚಳಿಗೆ ಯಾವ ಸ್ವೆಟರು, ಎಷ್ಟು ಮಿಡಿ ಉಪ್ಪಿನಕಾಯಿ ಎಂಬುದೆಲ್ಲ ಅವಳ ಖಾತೆ. ನೀನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಕಲಿತು, ಈಗ ಸಾಲ್ಮನ್ ಮೀನಿನ ವೈರಸ್ ರೋಗ ಮತ್ತು ಅದರ ಜೀನುಗಳ ಬೆನ್ನು ಹತ್ತಿ ಹೊರಟವಳು. ಸೋದರಮಾವನಾಗಿ ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಸತ್ತ ಮೀನನ್ನು ಎಸೆಯುವ ಮೊದಲು ಅದು ಯಾರ ಮಗು ಎಂದು ಬರೆದಿಟ್ಟುಕೊ.

ನಗಬೇಡ. ಬರೆದಿಡದೆ ಕೆಟ್ಟವನ ಮಾತು ಇದು. 1990ರ ದಶಕದ ನಡುವೆ ನಿನ್ನ ಅಜ್ಜನೂ ನಾನೂ ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆಯಲ್ಲಿ ಟೈಗರ್ ಸಿಗಡಿ ಹಾಕಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಮೇವು ಮುಟ್ಟದೆ ದಂಡೆಗೆ ಬಂದು ನಿಂತಿವೆ, ತಲೆಯ ಚಿಪ್ಪಿನ ಮೇಲೆ ಬಿಳಿ ಚುಕ್ಕೆ. ವಾರದೊಳಗೆ ಕೊಳ ನಾರತೊಡಗಿತು. ಒಂದು ಮೂಲೆಯಲ್ಲಿ ಬುಟ್ಟಿಯಷ್ಟು ಮಾತ್ರ ಬದುಕಿದ್ದವು. ಅವನ್ನೇನು ಮಾಡಿದೆವು? ಸುಕ್ಕ ಮಾಡಿಸಿ ಉಂಡೆವು. ಅವು ಯಾಕೆ ಬದುಕಿದವು, ಸತ್ತವಕ್ಕೂ ಅವಕ್ಕೂ ತಾಯಿ ಒಂದೋ ಬೇರೆಯೋ ಎಂಬ ಪ್ರಶ್ನೆ ನಮ್ಮ ತಲೆಗೆ ಬರಲೇ ಇಲ್ಲ. ಅದೇ ಗಜನಿಯ ಕಗ್ಗ ಭತ್ತದ ವಿಷಯದಲ್ಲಿ ನಿನ್ನ ಅಜ್ಜಿ ಎಷ್ಟು ಜಾಣೆ! ಉಪ್ಪುನೀರು ನುಗ್ಗಿದ ವರ್ಷ ಎದ್ದು ನಿಂತ ಪೈರಿನ ತೆನೆಯನ್ನೇ ಬೀಜಕ್ಕೆ ಎತ್ತಿಡುತ್ತಿದ್ದಳು. ಶಾಲೆ ಕಲಿತ ನಾವು ಉಂಡು ಕೈ ತೊಳೆದೆವು.

ಹಾಗೆಂದು ಬದುಕಿ ಉಳಿದದ್ದೆಲ್ಲ ಗಟ್ಟಿ ತಳಿ ಎಂದು ತಿಳಿಯಬೇಡ. ವೈರಸ್ ಅದರ ಹತ್ತಿರ ಸುಳಿಯದೇ ಇದ್ದಿರಬಹುದು, ಅಥವಾ ರೋಗ ಹೊತ್ತುಕೊಂಡೇ ಓಡಾಡುತ್ತಿರಬಹುದು. ಒಂದು ಮೀನು ಬದುಕಿದರೆ ಅದೃಷ್ಟ ಎನ್ನು. ಒಂದೇ ಹೊಟ್ಟೆಯ ಮರಿಗಳೆಲ್ಲ ಬದುಕಿ, ಅದೇ ನೀರಿನಲ್ಲಿದ್ದ ಇನ್ನೊಂದು ಹೊಟ್ಟೆಯವೆಲ್ಲ ಸತ್ತರೆ ಮಾತ್ರ ಕಿವಿ ನೆಟ್ಟಗೆ ಮಾಡು. ನೀನು ಓದಲು ಹೊರಟ ವಿದ್ಯೆಯ ಬುಡ ಇರುವುದು ಇಲ್ಲಿ.

ಸಾಲ್ಮನ್ ಮೀನಿನ ಐಪಿಎನ್ ರೋಗದ ಕಥೆ ನಿನ್ನ ಪಠ್ಯದಲ್ಲಿ ಎರಡು ಸಾಲು ಇದ್ದೀತು. ಮೇದೋಜೀರಕವನ್ನು ಕೊಳೆಸುವ ರೋಗ. ಸಿಹಿನೀರಿನಲ್ಲಿ ಆಗಷ್ಟೇ ಮೇವಿಗೆ ಬಾಯಿ ಹಾಕಿದ ಮರಿಗಳನ್ನು ಹಿಡಿಯುತ್ತದೆ. ಅಲ್ಲಿ ತಪ್ಪಿಸಿಕೊಂಡರೆ ಸಮುದ್ರದ ಪಂಜರಕ್ಕೆ ಬಿಟ್ಟ ಕೆಲವೇ ವಾರಗಳಲ್ಲಿ ಕಾಡುತ್ತದೆ. ಹೊಟ್ಟೆ ಉಬ್ಬಿ, ಮೈ ಕಪ್ಪಾಗಿ, ಬುಗುರಿಯ ಹಾಗೆ ಸುತ್ತುತ್ತ ಸಾಯುತ್ತವೆ. ನಾರ್ವೆ, ಸ್ಕಾಟ್ಲೆಂಡಿನ ಸಾಕಣೆಗಾರರನ್ನು ವರ್ಷಗಟ್ಟಲೆ ಅಳಿಸಿದ ರೋಗ ಇದು. ಲಸಿಕೆಯೂ ಪೂರ್ತಿ ಕೈ ಹಿಡಿಯಲಿಲ್ಲ.

ಆದರೆ ಅವರಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ನಾರ್ವೆಯವರು 1970ರ ದಶಕದ ಮೊದಲಲ್ಲೇ ಸುಮಾರು 40 ನದಿಗಳ ಸಾಲ್ಮನ್ ತಂದು ತಳಿ ಕಟ್ಟಲು ಕೂತಿದ್ದರು. ಒಂದೊಂದು ಜೋಡಿಯ ಮರಿಗೆ ಒಂದೊಂದು ಟ್ಯಾಂಕು, ಗುರುತು ಹಾಕುವಷ್ಟು ದೊಡ್ಡದಾದ ಮೇಲೆಯೇ ಒಟ್ಟಿಗೆ ಬಿಡುವುದು. ಬೇಸರದ ಕೆಲಸ, ಹೌದು, ಆದರೆ ಯಾವ ಮೀನು ಯಾವ ಜೋಡಿಯ ಮಗು ಎಂಬ ಲೆಕ್ಕ ಸಿಗುವುದು ಹೀಗೆಯೇ. 2008ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ರಾಸ್ ಹೂಸ್ಟನ್ ಮತ್ತು ಜೊತೆಗಾರರು ಸಮುದ್ರದಲ್ಲಿ ತಾನಾಗಿ ಎದ್ದ ಒಂದು ಐಪಿಎನ್ ಸಾವಿನ ಲೆಕ್ಕ ಹಿಡಿದು ಕೂತಾಗ, ಪ್ರತಿ ಕುಟುಂಬದಲ್ಲಿ ಎಷ್ಟು ಸತ್ತವು, ಎಷ್ಟು ಉಳಿದವು ಎಂಬುದು ಕೈಯಲ್ಲಿತ್ತು. ಮೀನಿನ ಅಷ್ಟೂ ವರ್ಣತಂತುಗಳಲ್ಲಿ ಒಂದೇ ಒಂದು ಜಾಗ ಸಾವು ಬದುಕನ್ನು ಬಹುಮಟ್ಟಿಗೆ ನಿರ್ಧರಿಸುವಂತೆ ಕಂಡಿತು. ಮರುವರ್ಷ ನಾರ್ವೆಯ ಥಾಮಸ್ ಮೋಯೆನ್ ತಂಡಕ್ಕೂ ಸಿಕ್ಕಿದ್ದು ಅದೇ ಜಾಗ. ಅಪ್ಪ ಅಮ್ಮ ಇಬ್ಬರಿಂದಲೂ ಆ ಜಾಗದ ಒಳ್ಳೆಯ ಪ್ರತಿ ಪಡೆದ ಮರಿ ಸಾಯುವುದೇ ಅಪರೂಪ. ಇಬ್ಬರಿಂದಲೂ ಕೆಟ್ಟದ್ದು ಬಂದರೆ ಉಳಿಯುವುದು ಕಷ್ಟ. ಮತ್ತೇನು, ರೆಕ್ಕೆಯ ಚೂರಿನ ಡಿಎನ್‌ಎ ನೋಡಿ ತಳಿಯ ಮೀನು ಆರಿಸತೊಡಗಿದರು. ನಾರ್ವೆಯಲ್ಲಿ 2009ರಲ್ಲಿ 200ಕ್ಕೂ ಹೆಚ್ಚು ಕಡೆ ಕಾಣಿಸಿಕೊಂಡ ರೋಗ 2014ರ ಹೊತ್ತಿಗೆ 50ರ ಆಸುಪಾಸಿಗೆ ಇಳಿಯಿತು. ಮೀನು ಸಾಕಣೆಯಲ್ಲಿ ಇಂಥ ಗೆಲುವು ನಾನು ಇನ್ನೊಂದು ಕಂಡಿಲ್ಲ.

ಇದರೊಳಗೆ ಒಂದು ನೋವಿನ ಸಂಗತಿ ಇದೆ, ಅದನ್ನು ಮರೆಯಬೇಡ. ಡಿಎನ್‌ಎಯ ಈ ಗುರುತು ಸಿಗುವ ಮೊದಲು ಐಪಿಎನ್‌ಗೆ ಮಾಡುತ್ತಿದ್ದದ್ದು, ಈಗಲೂ ಎಷ್ಟೋ ರೋಗಗಳಿಗೆ ಮಾಡುವುದು ಹೀಗೆ: ತಳಿಗೆ ಇಟ್ಟ ಮೀನಿಗೆ ವೈರಸ್ ತಾಗಿಸುವುದಿಲ್ಲ. ಅದರ ಒಡಹುಟ್ಟಿದವರಿಗೆ ತಾಗಿಸಿ, ಎಷ್ಟು ಸತ್ತವೆಂದು ಎಣಿಸಿ, ಬದುಕಿರುವ ಅಣ್ಣನ ಯೋಗ್ಯತೆ ಅಳೆಯುತ್ತಾರೆ. ಅಷ್ಟು ಜೀವ ತೆತ್ತು ಸಿಕ್ಕ ಅಂಕಿಯನ್ನು ಸಂಜೆಯ ಬಸ್ಸಿನ ಆತುರದಲ್ಲಿ ಅಂದಾಜಿಗೆ ಬರೆದರೆ ಪಾಪ ತಟ್ಟುತ್ತದೆ. ವಿಜ್ಞಾನದವಳಿಗೆ ಪಾಪದ ಮಾತೇ ಎನ್ನಬಹುದು, ಇರಲಿ.

ಇನ್ನು, ಒಂದು ಜೀನನ್ನು ಮದುವೆಯಾಗಬೇಡ. 2015ರಲ್ಲಿ ಮೋಯೆನ್ ತಂಡ, ಆ ಜಾಗದಲ್ಲಿರುವ ಎಪಿತೀಲಿಯಲ್ ಕ್ಯಾಡ್‌ಹೆರಿನ್ ಜೀನೇ ಕಾರಣ, ಜೀವಕೋಶದ ಹೊರಮೈಯ ಆ ಪ್ರೋಟೀನನ್ನು ಹಿಡಿದೇ ವೈರಸ್ ಒಳಗೆ ಹೋಗುತ್ತದೆ ಎಂದಿತು. ಓದಿದ ನಾವೆಲ್ಲ ಸರಿ ಎಂದು ತಲೆಯಾಡಿಸಿದೆವು. 2021ರಲ್ಲಿ ರೋಸ್ಲಿನ್‌ನವರು ಪಕ್ಕದಲ್ಲೇ ಇರುವ ಎನ್‌ಎಇ1 ಎಂಬ ಇನ್ನೊಂದು ಜೀನಿನ ಕಡೆ ಬೆರಳು ತೋರಿಸಿದರು. ಸಾಲ್ಮನ್ ಕೋಶಗಳಲ್ಲಿ ಅದನ್ನು ಕ್ರಿಸ್ಪರ್ ಎಂಬ ಜೀನು ಕತ್ತರಿಯಿಂದ ಕತ್ತರಿಸಿದಾಗ ವೈರಸ್ ಬೆಳೆಯುವುದು ಕುಗ್ಗಿತು. ಗಮನಿಸು, ಜೀನಿನ ಹೆಸರು ಬದಲಾದರೂ ಕುಟುಂಬಗಳ ಸಾವಿನ ಲೆಕ್ಕ ಬದಲಾಗಲಿಲ್ಲ. ಸಾಕಣೆಗಾರನ ಮೀನು ಉಳಿಸಿದ್ದು ಆ ಲೆಕ್ಕ.

ವೈರಸ್ಸಿಗೂ ಜೀನು ಇದೆಯಲ್ಲ. ಐಪಿಎನ್ ವೈರಸ್ಸಿನ ಹೊರಕವಚದ ಪ್ರೋಟೀನಿನಲ್ಲಿ 217 ಮತ್ತು 221ನೇ ಸ್ಥಾನದ ಎರಡು ಅಮೈನೋ ಆಮ್ಲ ಬದಲಾದರೆ ಸಾಕು, ಸಾಧು ಉಗ್ರನಾಗಬಹುದು. ಗಟ್ಟಿ ತಳಿ ಎಲ್ಲೆಡೆ ಹಬ್ಬಿದ ಮೇಲೆ ನಾರ್ವೆಯಲ್ಲೂ ಚಿಲಿಯಲ್ಲೂ ಆ ತಳಿಯ ಮೀನಿನಲ್ಲೇ ಬದಲಾದ ವೈರಸ್ ಸಿಕ್ಕಿದೆ. ಸಾಲ್ಮನ್ ರಕ್ತಹೀನತೆಯ ವೈರಸ್ಸಿನದೂ ಅದೇ ಜಾತಕ: ನಿರುಪದ್ರವಿಯಾಗಿ ಕಿವಿರಿನಲ್ಲಿ ಇರುವಂಥದ್ದು ತನ್ನ ಜೀನಿನ ಒಂದು ತುಂಡು ಕಳಚಿಕೊಂಡು ಮಾರಿಯಾಗುತ್ತದೆ. ಆದ್ದರಿಂದ ಮೀನಿನ ರೆಕ್ಕೆ ಚೂರು ತೆಗೆದಿಡುವಾಗಲೇ ಅದೇ ಮೀನಿನ ವೈರಸ್ಸನ್ನೂ ಅದೇ ನಂಬರಿನಲ್ಲಿ ಫ್ರೀಜರಿಗೆ ಹಾಕು. ಒಂದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಇಟ್ಟು ಆಮೇಲೆ ಹುಡುಕಾಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಐಪಿಎನ್‌ನ ಹಾಗೆ ಎಲ್ಲ ರೋಗವೂ ಒಂದೇ ಬಾಗಿಲಿನಲ್ಲಿ ನಿಲ್ಲುವುದಿಲ್ಲ. ಹೆಚ್ಚಿನವಕ್ಕೆ ನೂರಾರು ಜೀನುಗಳ ಚಿಲ್ಲರೆ ಪಾಲು. ನಿನ್ನ ಪಾಲಿಗೆ ಅಂಥದ್ದು ಬಂದರೆ ಮುಖ ಸಣ್ಣ ಮಾಡಬೇಡ. ಬೆಳವಣಿಗೆಗಾಗಿ ಆರಿಸಿ ಕಟ್ಟಿದ ನಮ್ಮ ಜಯಂತಿ ರೋಹು ಮೀನಿನ ತಳಿ ನೆನಪಿಸಿಕೊ. ಭುವನೇಶ್ವರದ ಮೀನು ಸಂಶೋಧಕರು ನಾರ್ವೆಯವರ ಜೊತೆ ಸೇರಿ 1992ರಲ್ಲಿ ಶುರು ಮಾಡಿದಾಗ ಇದ್ದದ್ದು ಟ್ಯಾಂಕು, ಗುರುತು, ವಹಿ ಅಷ್ಟೇ. ತಲೆಮಾರಿನಿಂದ ತಲೆಮಾರಿಗೆ ಅದು ಇನ್ನಷ್ಟು ಬೇಗ ಬೆಳೆಯತೊಡಗಿತು.

ಭಾನುವಾರ ಊಟಕ್ಕೆ ಬಾ. ನಮ್ಮ ಗಜನಿಯ ಆ ವರ್ಷದ ವಹಿ ಇನ್ನೂ ಅಟ್ಟದ ಮೇಲಿದೆ, ತೆಗೆದು ಕೊಡುತ್ತೇನೆ. ಮೇವಿನ ಲೆಕ್ಕ ಕಾಲು ಕೇಜಿಯವರೆಗೆ ಬರೆದಿದ್ದೇನೆ. ಸತ್ತವುಗಳ ಕಾಲಮ್ಮಿನಲ್ಲಿ ‘ಎಲ್ಲ’ ಎಂದಷ್ಟೇ ಇದೆ. ಆ ಬುಟ್ಟಿ ಸಿಗಡಿಯ ಸುದ್ದಿಯೇ ಇಲ್ಲ.